ಉದ್ದನೆಯ ಕೂಗು

ಗಡಿಯಲ್ಲಿ ಗುಂಡು ಹಾರಿದ ಆ ಮೇ ತಿಂಗಳಲ್ಲಿ ಸಿರುಗುಪ್ಪಕ್ಕೆ ಯಾವ ಅಪಾಯವೂ ಇರಲಿಲ್ಲ. ಗಡಿ ಎಲ್ಲೋ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ. ಶತ್ರುವಿನ ವಿಮಾನ ಇಲ್ಲಿಗೆ ಬಂದು ಬಾಂಬು ಹಾಕಬೇಕೆಂದರೆ ಮೊದಲು ಆ ಪುಣ್ಯಾತ್ಮನಿಗೆ ಸಿರುಗುಪ್ಪ ಅನ್ನೋ ಊರೊಂದು ಇದೆ ಅಂತ ಗೊತ್ತಿರಬೇಕಲ್ಲ. ಬೆಂಗಳೂರಿನ ಮಂದಿಗೇ ಅದು ಸರಿಯಾಗಿ ಗೊತ್ತಿಲ್ಲ. ಆದರೂ ಊರು ಉಳಿಸಿಯೇ ತೀರುತ್ತೇವೆ ಎಂದು ನಲವತ್ತು ಜನ ಟೊಂಕ ಕಟ್ಟಿ ನಿಂತರು. ಯುದ್ಧ ನಾಲ್ಕು ದಿನಕ್ಕೆ ನಿಂತಿತು. ಇವರು ಐದು ವಾರವಾದರೂ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ, ಯೂನಿಫಾರ್ಮ್ ಹೊಲಿಸಿ ಆಗಿತ್ತು.

ಇದು ಚಾಂದಸಾಬನ ಅಭಿಪ್ರಾಯ. ಅವನು ಗವಿಸಿದ್ದಪ್ಪನವರ ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಭತ್ತ ಕುದಿಸಲು ಬೇಕಾದ ಹಬೆಯನ್ನು ಭತ್ತದ ಹೊಟ್ಟು ಉರಿಸಿಯೇ ಮಾಡುವ ಮಿಲ್ಲು ಅದು. ಮೂವತ್ತೊಂದು ವರ್ಷದಿಂದ ಅದೇ ಬಾಯ್ಲರಿನ ಮುಂದೆ ಅದೇ ಸ್ಟೂಲಿನ ಮೇಲೆ ಕೂತು, ಲೋಕದಲ್ಲಿ ಬುದ್ಧಿ ಇರುವವರು ಬಹಳ ಕಡಿಮೆ ಎಂಬ ತೀರ್ಮಾನಕ್ಕೆ ಬಂದಿದ್ದ. ಹಾಗೆ ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಯ್ಲರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಮಾಲೀಕನಿಗೂ ಗೊತ್ತಿರಲಿಲ್ಲ, ತಪಾಸಣೆಗೆ ಬರುವ ಸಾಹೇಬನಿಗೂ ಗೊತ್ತಿರಲಿಲ್ಲ.

ಮಿಲ್ಲಿನ ಛಾವಣಿಯ ಮೇಲೊಂದು ಸೈರನ್ ಇತ್ತು. ಅದರ ಸ್ವಿಚ್ಚು ಬಾಯ್ಲರ್ ಮನೆಯ ಗೋಡೆಯಲ್ಲಿ, ಚಾಂದಸಾಬನ ಕೈಗೆ ಎಟುಕುವಲ್ಲಿ. ಒಂದು ಸಣ್ಣ ಕೂಗು ಹಾಕಿದರೆ ಪಾಳಿ ಬದಲು. ಎರಡು ಸಣ್ಣ ಕೂಗು ಹಾಕಿದರೆ ಲಾರಿ ಬಂದಿದೆ, ಹಮಾಲರು ಬರಬೇಕು. ಇನ್ನೊಂದಿತ್ತು, ಕೈ ತೆಗೆಯದೆ ಒತ್ತಿ ಹಿಡಿಯುವ ಉದ್ದನೆಯ ಕೂಗು. ಬಾಯ್ಲರ್ ಕೈ ತಪ್ಪಿದೆ, ಇದ್ದಬದ್ದದ್ದನ್ನು ಅಲ್ಲೇ ಬಿಟ್ಟು ಗೇಟಿನಾಚೆ ಕಾಲುವೆ ತನಕ ಓಡಿ ಅಂತ ಅದರ ಅರ್ಥ. ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಒಂದು ಸಲ ಅವನು ಅದನ್ನು ಒತ್ತಿದ್ದ. ಅವತ್ತು ಕೊಳವೆಯೊಂದು ಸಿಡಿದು ಬಾಯ್ಲರ್ ಮನೆಯ ತಗಡೆಲ್ಲ ಹಾರಿಹೋದರೂ ಒಬ್ಬರಿಗೂ ಗಾಯವಾಗಿರಲಿಲ್ಲ, ಯಾಕೆಂದರೆ ಎಲ್ಲರೂ ಓಡಿದ್ದರು. ಮೂರು ಕೂಗಿನ ಅರ್ಥ ಬರೆದಿದ್ದ ಗೋಡೆ ಮುಂದೆ ಯಾವುದೋ ದೀಪಾವಳಿಯಲ್ಲಿ ಸುಣ್ಣದ ಕೆಳಗೆ ಹೋಯಿತು. ಹೊಸ ಹಮಾಲರಿಗೆ ಉದ್ದನೆಯ ಕೂಗು ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ. ಗೊತ್ತಿದ್ದವರೆಂದರೆ ಚಾಂದಸಾಬ್, ಕಣದಲ್ಲಿ ಭತ್ತ ಹರವುವ ಹೆಂಗಸರ ಮುಂದಾಳು ಗಂಗಕ್ಕ, ಮತ್ತೆ ಅವಳ ವಾರಗೆಯ ಹತ್ತು ಹನ್ನೊಂದು ಮುದುಕಿಯರು.

ಆ ಸೈರನ್ ತನ್ನ ಕೈಯಲ್ಲಿ ಒಂದು ದಿನವೂ ಸುಳ್ಳು ಹೇಳಿಲ್ಲ ಅನ್ನುವುದೇ ಚಾಂದಸಾಬನ ಹೆಮ್ಮೆ. ಅದನ್ನು ಕೇಳಿ ಊರಲ್ಲಿ ಒಲೆ ಹಚ್ಚುತ್ತಿದ್ದರು, ಎಮ್ಮೆ ಕರೆಯುತ್ತಿದ್ದರು. ಅದರ ಮಾತು ಕೆಡಬಾರದು ಅನ್ನುವುದೊಂದೇ ಅವನ ಆಸೆ. ಹಾಗಿದ್ದೂ ಅದನ್ನು ಕೆಡಿಸಲು ಬಿಟ್ಟವನು ಅವನೇ, ಅದನ್ನು ಮುಂದೆ ಹೇಳುತ್ತೇನೆ.

ಊರು ಉಳಿಸಲು ನಿಂತ ಆ ನಲವತ್ತು ಜನರ ದಳಕ್ಕೆ ಕಮಾಂಡರ್ ಶಶಿಕಾಂತ್. ಬಸ್ ಸ್ಟ್ಯಾಂಡ್ ಎದುರಿಗೆ ಅವನದೊಂದು ಮೊಬೈಲ್ ಅಂಗಡಿ. ಬಳ್ಳಾರಿಯಲ್ಲಿ ನಡೆದ ಒಂದು ದಿನದ ಸ್ವಯಂಸೇವಕರ ತರಬೇತಿಗೆ ಹೋಗಿ, ಮಧ್ಯಾಹ್ನದ ಊಟ ಮುಗಿಸಿ, ಒಂದು ಹಳದಿ ಟೊಪ್ಪಿಗೆ ಮತ್ತು ಒಂದು ಸರ್ಟಿಫಿಕೇಟು ಹಿಡಿದುಕೊಂಡು ಬಂದಿದ್ದ. ಬಸ್ಸಿಳಿದವನು ಮನೆಗೆ ಹೋಗಲಿಲ್ಲ, ನೇರ ಲ್ಯಾಮಿನೇಷನ್ ಅಂಗಡಿಗೆ ಹೋದ. ಪುರಸಭೆ ಚುನಾವಣೆ ಹತ್ತಿರ ಇತ್ತು, ಅದನ್ನು ಬಾಯಿಬಿಟ್ಟು ಹೇಳಬೇಕಾದ್ದಿಲ್ಲ. ಅವನಿಗೆ ಉಪ ಕಮಾಂಡರ್ ಸುಂಕಪ್ಪ. ಸರಕಾರಿ ಕಚೇರಿಯೊಂದರ ಬಾಗಿಲಲ್ಲಿ ಅಟೆಂಡರ್ ಆಗಿ ಮೂವತ್ತು ವರ್ಷ ಕೂತು ನಿವೃತ್ತನಾದವನು. ಮೂವತ್ತು ವರ್ಷ ಒಬ್ಬರನ್ನೂ ಸಲೀಸಾಗಿ ಒಳಗೆ ಬಿಟ್ಟವನಲ್ಲ, ಹಾಗಾಗಿ ರಕ್ಷಣೆಯಲ್ಲಿ ತನಗೆ ಅನುಭವವಿದೆ ಎಂದೇ ಅವನು ನಂಬಿದ್ದ.

ಮೊದಲು ಯೂನಿಫಾರ್ಮಿನ ಕಥೆ. ಖಾಕಿ ಹಾಕಿದರೆ ಒಳಗೆ ಹಾಕುತ್ತೇವೆ ಅಂತ ಪೊಲೀಸರು ಹೇಳಿದ್ದಕ್ಕೆ ಶಶಿಕಾಂತ್ ಬಳ್ಳಾರಿಗೆ ಹೋಗಿ, ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಯಾರೂ ಒಯ್ಯದೆ ಬಿದ್ದಿದ್ದ ದಪ್ಪ ನೀಲಿ ಬಟ್ಟೆ ತಂದ. ನಲವತ್ತು ಪ್ಯಾಂಟು, ನಲವತ್ತು ಅಂಗಿ, ಎಲ್ಲ ಜೀನ್ಸಿನವೇ. ಮೇ ತಿಂಗಳ ಸಿರುಗುಪ್ಪದಲ್ಲಿ ಜನ ಬನಿಯನ್ ಹಾಕಿಕೊಳ್ಳಲೂ ಬೇಸರಪಡುತ್ತಾರೆ. ಮೊದಲ ದಿನದ ಕವಾಯತಿನಲ್ಲಿ ಮೂವರು ಬಿದ್ದರು, ನಾಲ್ಕನೆಯವನು ಮರ್ಯಾದೆಯಿಂದ ತಾನೇ ಕೂತ. ಬಟ್ಟೆಯ ಬಣ್ಣ ಗಟ್ಟಿ ಇರಲಿಲ್ಲ. ಬೆವರಿಗೆ ಕರಗಿ ತೊಡೆ, ಸೊಂಟ, ಕುತ್ತಿಗೆ ಎಲ್ಲ ನೀಲಿಯಾಗಿ, ಎಷ್ಟು ತಿಕ್ಕಿದರೂ ಹೋಗದೆ ಮನೆಯಲ್ಲಿ ಹೆಂಡಂದಿರ ಕೈಯಲ್ಲಿ ಉಗಿಸಿಕೊಂಡರು. ದೇಶಕ್ಕಾಗಿ ಅವರು ಸುರಿಸಿದ್ದು ಆ ನೀಲಿ ಬೆವರು ಮಾತ್ರ.

ಆಮೇಲೆ ಕಾವಲು. ಸಿರುಗುಪ್ಪ ಗದ್ದೆಯ ಊರು, ಅಂಗೈಯಷ್ಟು ಸಪಾಟು. ಎತ್ತರದ ಜಾಗ ಅಂತ ಇದ್ದದ್ದು ನೀರಿನ ಟ್ಯಾಂಕು, ಅದನ್ನು ಹತ್ತಿದರೆ ಸುಂಕಪ್ಪನಿಗೆ ತಲೆ ತಿರುಗುತ್ತದೆ. ಹಾಗಾಗಿ ಆಟೋ ಮಾಡಿಕೊಂಡು ಕುರುಗೋಡಿಗೆ ಹೋಗಿ ಅಲ್ಲಿನ ಗುಡ್ಡ ಹತ್ತಿದರು. ಟ್ಯಾಂಕಿಗೆ ತಿರುಗುವ ತಲೆ ಗುಡ್ಡಕ್ಕೆ ಯಾಕೆ ತಿರುಗಲಿಲ್ಲ ಅಂತ ಯಾರೂ ಕೇಳಲಿಲ್ಲ. ದುರ್ಬೀನು ಕಣ್ಣಿಗೆ ಹಿಡಿದು ಅರ್ಧ ತಾಸಾಗಿರಬೇಕು, ಸುಂಕಪ್ಪ ಫೋನು ಮಾಡಿ, ಕುಡತಿನಿ ಕಡೆ ದೊಡ್ಡ ಹೊಗೆ ಎದ್ದಿದೆ, ಬಾಂಬು ಬಿದ್ದಿರುವುದು ಖಚಿತ ಎಂದ. ಶಶಿಕಾಂತ್ ಹಿಂದೆ ಮುಂದೆ ನೋಡದೆ ಬಳ್ಳಾರಿಯ ಕಂಟ್ರೋಲ್ ರೂಮಿಗೆ ವರದಿ ಕೊಟ್ಟ. ಕುಡತಿನಿಯಲ್ಲಿ ಕರೆಂಟು ತಯಾರಿಸುವ ದೊಡ್ಡ ಸ್ಥಾವರ ಇದೆ, ಅದರ ಚಿಮಣಿಗಳಿಂದ ವರ್ಷಗಟ್ಟಲೆಯಿಂದ ದಿನಾ ಹೊಗೆ ಏಳುತ್ತಿದೆ, ಅದು ಏಳದಿದ್ದ ದಿನ ಬೇಕಾದರೆ ಫೋನು ಮಾಡು ಅಂತ ಆ ಕಡೆಯವರು ಹೇಳಿದರಂತೆ. ಇನ್ನೂ ಕೆಲವು ಮಾತು ಹೇಳಿದರಂತೆ, ಅವು ಇಲ್ಲಿ ಬೇಡ.

ದೀಪ ಆರಿಸುವ ತಾಲೀಮೂ ಆಯಿತು, ಮಧ್ಯಾಹ್ನ ಹನ್ನೆರಡಕ್ಕೆ. ರಾತ್ರಿ ಇಟ್ಟರೆ ದಳದವರ ಊಟಕ್ಕೆ ತೊಂದರೆ ಅಂತ ಸುಂಕಪ್ಪನ ವಾದ. ಸರಿಯಾಗಿ ಹನ್ನೆರಡಕ್ಕೆ ಊರಿಗೆ ಊರೇ ಕರೆಂಟು ಹೋಯಿತು, ದಿನಾ ಹೋಗುವಂತೆ. ನೂರಕ್ಕೆ ನೂರು ಯಶಸ್ಸು ಎಂದು ಶಶಿಕಾಂತ್ ವರದಿ ಬರೆದು ಕಳಿಸಿದ.

ಇಂಥ ಒಂದೊಂದನ್ನೂ ಚಾಂದಸಾಬ್ ಮನೆಗೆ ಹೋಗಿ ಹೆಂಡತಿ ಲಾಲಬೀಗೆ ಹೇಳುತ್ತಿದ್ದ. ಸುಂಕಪ್ಪ ದುರ್ಬೀನು ಹಿಡಿದು ನಿಲ್ಲುವ ಠೀವಿಯನ್ನು ಚಹಾದ ಲೋಟ ಕಣ್ಣಿಗಿಟ್ಟುಕೊಂಡು ಮಾಡಿ ತೋರಿಸಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮಕ್ಕಳೆಲ್ಲ ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು. ದಳ ಇಷ್ಟಕ್ಕೇ ನಿಂತಿದ್ದರೆ ಇಬ್ಬರೂ ಅದಕ್ಕೆ ಋಣಿಯಾಗಿಯೇ ಇರುತ್ತಿದ್ದರೋ ಏನೋ.

ಯುದ್ಧ ನಿಂತು ವಾರವಾದ ಮೇಲೆ ದಳದವರು ಮಿಲ್ಲಿಗೆ ಬಂದರು. ಅವರಿಗೆ ಸೈರನ್ ಬೇಕಾಗಿತ್ತು. ಬಾಂಬಿನಿಂದ ತಪ್ಪಿಸಿಕೊಳ್ಳಲು ಜನ ಬಂದು ಅಡಗುವ ಗಟ್ಟಿ ಕಟ್ಟಡವೂ ಬೇಕಾಗಿತ್ತು. ಮಿಲ್ಲಿನ ದೊಡ್ಡ ಗೋಡೌನು ಆಗ ಖಾಲಿ ಇತ್ತು, ಮೇಲೆ ಆರ್‌ಸಿಸಿ ಛಾವಣಿ. ಅದರ ಹಿಂದಿನ ಗೋಡೆಯೇ ಬಾಯ್ಲರ್ ಮನೆಯ ಗೋಡೆ. ಗವಿಸಿದ್ದಪ್ಪನವರು ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ, ಏನಾದರೂ ಮಾಡಿಕೊಳ್ಳಿ ಎಂದು ಕಾರು ಹತ್ತಿ ಹೋದರು.

ಸ್ವಿಚ್ಚು ಒತ್ತುವವನೂ ದಳಕ್ಕೆ ಸೇರಬೇಕು ಎಂದಾಯಿತು. ಸುಂಕಪ್ಪ ಒಂದು ರಿಜಿಸ್ಟರ್ ತೆಗೆದು ಚಾಂದಸಾಬನ ಆಧಾರ್ ಕಾರ್ಡು ಕೇಳಿದ. ಉಳಿದ ನಲವತ್ತು ಜನರಲ್ಲಿ ಒಬ್ಬರದನ್ನೂ ಕೇಳಿದವನಲ್ಲ. ಸುಮ್ಮನೆ ರೂಲ್ಸು, ಬೇರೆ ಏನಿಲ್ಲ ಅಂದ. ಚಾಂದಸಾಬ್ ಕಾರ್ಡು ತೆಗೆದು ಕೊಟ್ಟ. ಸುಂಕಪ್ಪ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದ. ಯಾವ ಊರಿನವರು ನೀವು ಮೊದಲಿಗೆ, ಅಂದ. ಚಾಂದಸಾಬನ ಮುತ್ತಜ್ಜ ಇದೇ ಊರಿನಲ್ಲಿ ಎತ್ತಿನ ಗಾಣ ತಿರುಗಿಸಿದವನು. ಮೊದಲಿಗೂ ಇದೇ, ಕೊನೆಗೂ ಇದೇ ಅಂತ ಚಾಂದಸಾಬ್ ಹೇಳಿದ. ಕೈ ಚಾಚಿ ಕಾರ್ಡು ಇಸಿದುಕೊಂಡು ಜೇಬಿಗೆ ಹಾಕಿದ.

ಶಶಿಕಾಂತನಿಗೆ ಇದ್ಯಾವುದೂ ಕಾಣಿಸಲಿಲ್ಲ. ಅವನು ಸ್ವಿಚ್ಚು ನೋಡುತ್ತಿದ್ದ. ಪಾಳಿಯ ಕೂಗು, ಲಾರಿಯ ಕೂಗು ಊರಿಗೆಲ್ಲ ಗೊತ್ತು, ಅವು ಬೇಡ, ಯಾರೂ ಕೇಳಿರದ ಉದ್ದನೆಯ ಒಂದು ಕೂಗು ಇರಲಿ ಎಂದ. ಚಾಂದಸಾಬ್ ಬಾಯಿ ತೆರೆದ. ತೆರೆದದ್ದು ನಿಜ. ಆದರೆ ಅಷ್ಟರಲ್ಲಿ ಶಶಿಕಾಂತ್ ಅವನ ಹೆಗಲು ತಟ್ಟಿ ಅಂದ:

“ನಿನಗ ಎಲ್ಲಾ ತಿಳಕೊಳ್ಳೋದು ಬ್ಯಾಡೋ ಸಾಬಣ್ಣ. ನಾ ಅಂಗಳದಾಗ ಬಾವುಟ ಎತ್ತತೀನಿ, ನೀ ಒತ್ತು. ಅಷ್ಟ ನಿನ್ನ ಕೆಲಸ.”

ಚಾಂದಸಾಬ್ ತೆರೆದ ಬಾಯಿ ಮುಚ್ಚಿದ. ಹಣೆಬರಹ, ಮಾಡಿಕೊಳ್ಳಲಿ ಅಂದುಕೊಂಡ. ಮೂವತ್ತನಾಲ್ಕು ವರ್ಷದ ಮೊಬೈಲ್ ಅಂಗಡಿಯವನು ಐವತ್ತೆಂಟು ವರ್ಷದವನಿಗೆ ಹೋಗೋ ಬಾರೋ ಅಂದಮೇಲೆ, ಬುದ್ಧಿ ಕಲಿಸುವುದು ತನ್ನ ಕೆಲಸವಲ್ಲ. ಇಂಥ ದಡ್ಡ ದಂಡು ಎಷ್ಟು ದಿನ ನಡೆದೀತು, ಇನ್ನೊಂದು ವಾರ. ಆ ಕೂಗಿನ ಅಗತ್ಯವಂತೂ ಇಪ್ಪತ್ತೆರಡು ವರ್ಷದಿಂದ ಬಿದ್ದಿಲ್ಲ. ಹೀಗೆಲ್ಲ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು, ಮೊದಲ ತಾಲೀಮಿನ ದಿನ ಬಾವುಟ ಎದ್ದಾಗ ಕೈ ಇಟ್ಟು ಒತ್ತಿದ.

ಅವತ್ತು ಗೋಡೌನಿಗೆ ಒಬ್ಬನೂ ಬರಲಿಲ್ಲ. ಬದಲಿಗೆ ಗಂಗಕ್ಕನೂ ಅವಳ ಹನ್ನೊಂದು ಮುದುಕಿಯರೂ ಭತ್ತ ಹರವುವ ಹಲುಬೆ ಬಿಸಾಕಿ, ಸೀರೆ ಮೊಣಕಾಲಿಗೆ ಎತ್ತಿ, ಗೇಟು ದಾಟಿ ಕಾಲುವೆ ತನಕ ಓಡಿದರು. ಊರಿಗೆ ಊರೇ ತಪ್ಪು ಮಾಡಿದ ದಿನ ಸರಿ ಮಾಡಿದವರು ಆ ಹನ್ನೆರಡು ಹೆಂಗಸರು. ಅವರನ್ನು ದಳದವರು ಬೆನ್ನಟ್ಟಿ ಹಿಡಿದು ತಂದು, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಹೊರಗೆ ಓಡಬಾರದು, ಒಳಗೆ ಬರಬೇಕು ಎಂದು ಸುಂಕಪ್ಪ ಅರ್ಧ ತಾಸು ಪಾಠ ಮಾಡಿದ.

ಗಂಗಕ್ಕ ಅವನ ಪಾಠ ಮುಗಿಯುವ ತನಕ ತಡೆದುಕೊಂಡು, ನೇರ ಬಾಯ್ಲರ್ ಮನೆಗೆ ಬಂದಳು.

“ಇದು ಬಾಯ್ಲರಿನ ಕೂಗು ಅಂತ ಅವರಿಗೆ ಹೇಳಿಯೋ ಇಲ್ಲೋ?”

“ಹೇಳಿದ್ರ ತಿಳಿಯೋ ಮಂದಿ ಏನಬೇ ಅವರು?”

“ಅವರಿಗೆ ತಿಳಿಯೋದು ಹಾಳಾಗಿ ಹೋಗ್ಲಿ. ಇದ್ದದ್ದೊಂದು ಕೂಗು ಅವರ ಕೈಗೆ ಕೊಟ್ಟಿ. ನಾಳೆ ಖರೇನ ಹೆಚ್ಚು ಕಮ್ಮಿ ಆದ್ರ ಏನಂತ ಒದರತಿ?”

ಅದಕ್ಕೆ ಅವನು ನಕ್ಕ. ತಾನಿರುವ ತನಕ ಬಾಯ್ಲರಿಗೆ ಏನೂ ಆಗುವುದಿಲ್ಲ ಎಂದ. ಗಂಗಕ್ಕ ಅವನನ್ನು ಒಂದು ಗಳಿಗೆ ನೋಡಿ, ನಿನಗೂ ಅವರಂಥದೇ ಟೊಪ್ಪಿಗೆ ಒಂದು ಹೊಲಿಸಬೇಕು ಅಂತ ಹೇಳಿ ಹೋದಳು. ಆ ಮಾತನ್ನು ಅವನು ಲಾಲಬೀಗೆ ಹೇಳಲಿಲ್ಲ. ಉಳಿದದ್ದೆಲ್ಲ ಹೇಳಿದ, ಮುದುಕಿಯರು ಓಡಿದ್ದು, ಸುಂಕಪ್ಪ ಬೆನ್ನಟ್ಟಿದ್ದು, ಅವನ ಟೊಪ್ಪಿಗೆ ಕಾಲುವೆಗೆ ಬಿದ್ದದ್ದು. ಲಾಲಬೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುದುಕಿಯರು ಯಾಕೆ ಹೊರಗೆ ಓಡಿದರು ಅಂತ ಅವಳು ಕೇಳಿದ್ದಕ್ಕೆ, ಹೆದರಿದರು ಅಂದುಬಿಟ್ಟ.

ಎರಡನೇ ತಾಲೀಮಿಗೆ ಶಶಿಕಾಂತ್ ಒಂದು ಉಪಾಯ ಮಾಡಿದ. ಗೋಡೌನಿಗೆ ಬಂದು ಬೋರಲು ಮಲಗಿದವರಿಗೆಲ್ಲ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ. ಮೊದಲು ಬಂದ ಐವತ್ತು ಜನರಿಗೆ ನಾಲ್ಕು ಮಿರ್ಚಿ. ತಾಲೀಮಿನ ದಿನ ಬೆಳಿಗ್ಗೆಯೇ ಅದನ್ನು ಮೈಕಿನಲ್ಲಿ ಓಣಿ ಓಣಿಗೆ ಸಾರುತ್ತಿದ್ದರು. ಇಡೀ ಐದು ವಾರದಲ್ಲಿ ದಳ ಮಾಡಿದ ಕೆಲಸಗಳಲ್ಲಿ ಬುದ್ಧಿವಂತಿಕೆಯದು ಇದೊಂದೇ, ಎಲ್ಲಕ್ಕಿಂತ ಘೋರವಾದದ್ದೂ ಇದೇ. ಎರಡನೇ ಸಲಕ್ಕೆ ಎಂಬತ್ತು ಜನ ಬಂದರು. ಮೂರನೇ ಸಲಕ್ಕೆ ನೂರಾ ಐವತ್ತು. ಐದನೇ ಸಲದ ಹೊತ್ತಿಗೆ ಉದ್ದನೆಯ ಕೂಗು ಕೇಳಿದರೆ ಸಾಕು, ಸುತ್ತಲಿನ ಓಣಿಗಳಿಂದ ಜನ ಬೋಗುಣಿ ಡಬ್ಬಿ ಹಿಡಿದುಕೊಂಡು, ಒಬ್ಬರನ್ನೊಬ್ಬರು ನೂಕುತ್ತ ಓಡಿ ಬಂದು, ಗೋಡೌನಿನ ನೆಲದ ಮೇಲೆ ಕಿವಿಯಲ್ಲಿ ಬೆರಳಿಟ್ಟುಕೊಂಡು ದಬಾರನೆ ಬೀಳುತ್ತಿದ್ದರು. ಹಿಂದಿನ ಗೋಡೆಯ ಪಕ್ಕದ ಜಾಗಕ್ಕೆ ಜಗಳವಾಗುತ್ತಿತ್ತು, ಯಾಕೆಂದರೆ ಮಿರ್ಚಿ ಹಂಚುವುದು ಆ ಕಡೆಯಿಂದ ಶುರುವಾಗುತ್ತಿತ್ತು. ಸುಂಕಪ್ಪ ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದ. ಅಂಕಿಗಳು ಬಳ್ಳಾರಿಗೆ ಹೋಗುತ್ತಿದ್ದವು, ಅಲ್ಲಿ ಯಾರೋ ಅವನ್ನು ಓದಿ ತಲೆದೂಗುತ್ತಿದ್ದರು.

ಲಾಲಬೀ ಒಂದು ತಾಲೀಮಿಗೂ ಹೋಗಲಿಲ್ಲ. ಎರಡು ಮಿರ್ಚಿಗೆ ನೆಲಕ್ಕೆ ಬಿದ್ದು ಹೊರಳುವುದೇ, ಥೂ, ಅನ್ನುತ್ತಿದ್ದಳು. ಗಂಡನ ಗತ್ತೇ ಅವಳದೂ.

ಜೂನ್ ಎರಡನೇ ವಾರದ ಮಂಗಳವಾರ, ಸಂಜೆ ನಾಲ್ಕರ ಸುಮಾರಿಗೆ, ಚಾಂದಸಾಬ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಾಯ್ಲರಿನ ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಅರ್ಧ ತುಂಬಿತ್ತು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಳಗಿನ ಸದ್ದು ಎಂದಿನದಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಕೇಳಿದ ಕಿವಿಗೆ ಮಾತ್ರ ಗೊತ್ತಾಗುವಷ್ಟು ಬೇರೆಯಾಗಿತ್ತು. ಅವನು ಲೋಟ ಕೆಳಗಿಟ್ಟು ಗಾಜಿನ ಕೆಳಗಿನ ನಲ್ಲಿ ತಿರುಗಿಸಿದ. ಮೊದಲು ಕೆಸರು ಬಂತು, ಆಮೇಲೆ ಬರೀ ಹಬೆ. ನೀರು ಬರಲಿಲ್ಲ. ಕೆಸರು ಕಟ್ಟಿಕೊಂಡ ಗಾಜು ಎಷ್ಟು ಹೊತ್ತಿನಿಂದಲೋ ಸುಳ್ಳು ತೋರಿಸುತ್ತಿತ್ತು. ಪಂಪು ತಿರುಗುತ್ತಿತ್ತು, ನೀರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬಾಯ್ಲರ್ ಒಣಗಿ ಕಾಯುತ್ತಿತ್ತು.

ಈಗ ನೀರು ಬಿಟ್ಟರೆ ಅಲ್ಲೇ ಸಿಡಿಯುತ್ತದೆ. ಬಾಯ್ಲರ್ ಕೆಲಸ ಕಲಿಸಿದ ಉಸ್ತಾದ ಹೇಳಿದ್ದ ಕ್ರಮ ಒಂದೇ: ಹೊಟ್ಟು ನಿಲ್ಲಿಸು, ಕೂಗು ಹಾಕು, ಜನ ಹೊರಗೆ ಹೋದ ಮೇಲೆ ನೀನೂ ಓಡು. ಹೊಟ್ಟು ಬೀಳುವ ಬಾಯಿ ಮುಚ್ಚಿದ. ಸ್ವಿಚ್ಚಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದ. ಕೈ ತಾನಾಗಿಯೇ ಹೋಗಿತ್ತು, ಮನಸ್ಸು ಅದರ ಹಿಂದೆ ತಡವಾಗಿ ಬಂತು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಹಮಾಲರು ಚೀಲ ಇಳಿಸಿ ಗೇಟಿನ ಕಡೆ ಹೋಗಲಿಲ್ಲ. ನಗುತ್ತ, ಒಬ್ಬರ ಬೆನ್ನಿಗೆ ಒಬ್ಬರು ಗುದ್ದುತ್ತ ಗೋಡೌನಿನ ಕಡೆ ಓಡಿದರು. ಹಿಂದೆಯೇ ಗೇಟಿನಿಂದ ಜನ ಒಳಗೆ ನುಗ್ಗಿದರು, ಬೋಗುಣಿ ಹಿಡಿದವರು, ಕೂಸು ಎತ್ತಿಕೊಂಡವರು, ಕೋಲೂರಿಕೊಂಡು ಬಂದ ಮುದುಕರು.

ಅವನು ಕೈ ತೆಗೆದ. ಬಾಗಿಲಿಗೆ ಬಂದು, ಹೊರಗ ಹೋಗ್ರಿ, ಬಾಯ್ಲರ್ ಹೋಗತೈತಿ ಅಂತ ಗಂಟಲು ಹರಿಯುವಂತೆ ಒದರಿದ. ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು. ಕೇಳಿದ ಒಬ್ಬಿಬ್ಬರು ಕೈ ಬೀಸಿ ಮುಂದೆ ಓಡಿದರು. ಗೇಟಿನ ಹತ್ತಿರ ಗಂಗಕ್ಕ ಅಡ್ಡ ನಿಂತು ಕಸ ಗುಡಿಸುವ ಬಾರಿಗೆಯಿಂದ ಸಿಕ್ಕಸಿಕ್ಕವರಿಗೆ ಹೊಡೆಯುತ್ತಿದ್ದಳು. ಅವಳನ್ನು ಪಕ್ಕಕ್ಕೆ ನೂಕಿ ಜನ ಒಳಗೆ ಹೋದರು.

ಬಾಯ್ಲರ್ ಮನೆಯ ಹಿಂದಿನ ಬಾಗಿಲು ಹತ್ತು ಹೆಜ್ಜೆ ದೂರ ಇತ್ತು. ಉಸ್ತಾದನ ಲೆಕ್ಕದಲ್ಲಿ ಅವನ ಕೆಲಸ ಮುಗಿದಿತ್ತು. ಗೋಡೆಯ ಆ ಕಡೆ ಇನ್ನೂರ ಎಂಬತ್ತು ಜನ ಬೋರಲು ಮಲಗಿದ್ದರು, ಗೋಡೆಗೆ ಹತ್ತಿಕೊಂಡೇ. ಚಾಂದಸಾಬ್ ಉದ್ದನೆಯ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಒಲೆಯ ಬಾಗಿಲು ತೆರೆದ.

ಒಳಗಿದ್ದ ಬೆಂಕಿಯನ್ನೆಲ್ಲ ಎಳೆದು ಹೊರಗೆ ಹಾಕಬೇಕು. ಅದೊಂದೇ ಉಳಿದ ದಾರಿ. ಕೊಕ್ಕೆ ಕಾಯ್ದು ಕೈಗೆ ಅಂಟಿಕೊಂಡಿತು. ಚೀಲದ ತುಂಡು ಸುತ್ತಿಕೊಂಡ, ಅದಕ್ಕೂ ಬೆಂಕಿ ಹತ್ತಿತು. ಎಳೆದ, ಮತ್ತೆ ಎಳೆದ. ಕಾಲ ಕೆಳಗೆಲ್ಲ ಕೆಂಡ. ನಡುವೆ ಒಂದು ಸಲ ಹಬೆಯ ವಾಲ್ವು ತಿರುಗಿಸಿ ಬಂದ, ಅಲ್ಲಿ ಎಡಗೈಯ ಚರ್ಮ ಸುಲಿದು ಉಳಿಯಿತು. ಕಾಲು ತಾಸೋ ಅರ್ಧ ತಾಸೋ ಆದ ಮೇಲೆ ಒತ್ತಡದ ಮುಳ್ಳು ಅಲುಗಿತು, ನಿಧಾನವಾಗಿ ಇಳಿಯಲು ಶುರುವಾಯಿತು. ಅದು ಅರ್ಧಕ್ಕೆ ಬಂದದ್ದನ್ನು ನೋಡಿದ ಮೇಲೆ ಅವನು ಹಿಂದಿನ ಬಾಗಿಲಿನಿಂದ ಹೊರಗೆ ಬಂದು ಬಿದ್ದ.

ಅದೇ ಹೊತ್ತಿಗೆ ಗೋಡೌನಿನಲ್ಲಿ ಗಲಾಟೆ ನಡೆದಿತ್ತು. ಮಿರ್ಚಿ ಇರಲಿಲ್ಲ. ತಾಲೀಮಿಗೆ ಹೇಳಿದ್ದು ಸುಂಕಪ್ಪ ಎಂದು ಶಶಿಕಾಂತ್ ತಿಳಿದಿದ್ದ, ಶಶಿಕಾಂತ್ ಎಂದು ಸುಂಕಪ್ಪ ತಿಳಿದಿದ್ದ. ಆದರೂ ಸುಂಕಪ್ಪ ಕುರ್ಚಿ ಹತ್ತಿ, ಮೂರು ನಿಮಿಷ ನಲವತ್ತು ಸೆಕೆಂಡು, ಜಿಲ್ಲೆಯಲ್ಲೇ ದಾಖಲೆ ಎಂದು ಸಾರಿದ. ಮಂಡಕ್ಕಿ ಇಲ್ಲದ ಮೇಲೆ ನಿಮ್ಮ ದಾಖಲೆ ಕಟ್ಟಿಕೊಂಡು ಏನು ಮಾಡುವುದು ಎಂದು ಜನ ಅವನಿಗೆ ಬಾಯಿಗೆ ಬಂದಂತೆ ಬೈದು, ಖಾಲಿ ಬೋಗುಣಿ ಹಿಡಿದು ಮನೆಗೆ ಹೋದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಚಾಂದಸಾಬನ ಎರಡೂ ಕೈಗೆ ಮೊಣಕೈ ತನಕ ಬ್ಯಾಂಡೇಜು ಸುತ್ತಿದ್ದರು. ಬೆರಳು ಎಷ್ಟು ಉಳಿಯುತ್ತವೆ ಎಂದು ಈಗಲೇ ಹೇಳಲಾಗದು ಅಂದಿದ್ದರು ಡಾಕ್ಟರು. ಲಾಲಬೀ ಹಾಸಿಗೆಯ ಪಕ್ಕದಲ್ಲೇ ಇದ್ದಳು, ಉಣಿಸುತ್ತಿದ್ದಳು, ಮುಖ ಒರೆಸುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಸುದ್ದಿ ತಿಳಿದು ಮನೆಯಿಂದ ಓಡಿ ಬಂದಿರಬೇಕು, ಗಾಬರಿ ಇನ್ನೂ ಇಳಿದಿಲ್ಲ ಎಂದು ಅವನು ತಿಳಿದಿದ್ದ.

ಆರನೇ ದಿನ ಶಶಿಕಾಂತ್ ಬಂದ. ದಾಖಲೆಗಾಗಿ ಬಳ್ಳಾರಿಯಲ್ಲಿ ದಳಕ್ಕೆ ಒಂದು ಪ್ರಶಂಸಾ ಪತ್ರ ಕೊಟ್ಟಿದ್ದರು. ಸೈರನ್ ಒತ್ತಿದವನಿಗೆ ಅದರದೊಂದು ಪ್ರತಿ, ಚೌಕಟ್ಟು ಹಾಕಿಸಿದ್ದು, ಜೊತೆಗೊಂದು ಶಾಲು. ಚಾಂದಸಾಬ್ ಅವನನ್ನು ನೋಡಿ ಒಳಗೊಳಗೇ ಸಿದ್ಧನಾದ. ಐದು ವಾರದಿಂದ ಕೂಡಿಟ್ಟ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ಶಶಿಕಾಂತ್ ಜೊತೆಗೆ ಬಂದಿದ್ದ ಫೋಟೊದವನನ್ನು ಹೊರಗೆ ಕಳಿಸಿ, ಚೌಕಟ್ಟನ್ನು ಮಂಚದ ಕೆಳಗೆ ಬೋರಲಾಗಿ ಇಟ್ಟು, ಸ್ಟೂಲಿನ ಮೇಲೆ ಕೂತ. ಗಂಗಕ್ಕ ನಡುಬೀದಿಯಲ್ಲಿ ಕೊರಳಪಟ್ಟಿ ಹಿಡಿದು ಎಲ್ಲ ಹೇಳಿದ್ದಳಂತೆ. ಅಂದಿನಿಂದ ಅವನು ನಿದ್ದೆ ಮಾಡಿದಂತೆ ಕಾಣಲಿಲ್ಲ.

“ಸಾಬ್ರೆ, ನಾ ದಡ್ಡ ಅದೀನಿ, ಒಪ್ಪತೀನಿ. ನಿಮಗ ಗೊತ್ತಿತ್ತಲ್ರಿ. ಒಂದ ಮಾತು ಅಂದಿದ್ರ ಮೂರು ಸಣ್ಣ ಕೂಗು ಅಂತ ಮಾಡತಿದ್ದೆ, ನಾಕು ಅಂತ ಮಾಡತಿದ್ದೆ. ಯಾಕ ಹೇಳಲಿಲ್ಲ?”

ಅವನ ದನಿಯಲ್ಲಿ ಆರೋಪ ಇರಲಿಲ್ಲ, ಅದೇ ದೊಡ್ಡ ಕಷ್ಟವಾಯಿತು. ಆಧಾರ್ ಕಾರ್ಡಿನ ಮಾತಿತ್ತು, ಬಾವುಟದ ಮಾತಿತ್ತು, ಹೋಗೋ ಬಾರೋ ಅಂದ ಮಾತಿತ್ತು. ಎಲ್ಲವೂ ನಿಜವೇ. ಇನ್ನೂರ ಎಂಬತ್ತು ಜನರ ಪಕ್ಕದಲ್ಲಿಟ್ಟು ನೋಡಿದರೆ ಒಂದಕ್ಕೂ ತೂಕವಿರಲಿಲ್ಲ.

“ನೀವು ಕೇಳಲಿಲ್ಲ,” ಅಂದ ಚಾಂದಸಾಬ್.

ಶಶಿಕಾಂತ್ ತಲೆಯಾಡಿಸಿದ. ಹೌದು, ಕೇಳಲಿಲ್ಲ ಎಂದ. ಎದ್ದು ಲಾಲಬೀಗೆ ಕೈ ಮುಗಿದು ಹೋದ.

ಲಾಲಬೀ ತಟ್ಟೆಯಲ್ಲಿ ಅನ್ನ ಸಾರು ಕಲಸುತ್ತಿದ್ದಳು. ಒಂದು ತುತ್ತು ಮಾಡಿ ಎತ್ತಿದವಳು ಅವನ ಬಾಯಿಯ ತನಕ ತಂದು ಅಲ್ಲೇ ಹಿಡಿದಳು.

“ಮೊದಲಿಂದನೂ ಗೊತ್ತಿತ್ತಾ ನಿಮಗ?”

“ಗೊತ್ತಿತ್ತು.”

“ದಿನಾ ಬಂದು ಅವರ ಸುದ್ದಿ ಹೇಳಿ ನಗಸತಿದ್ರಿ. ಇದೊಂದು ಹೇಳಲಿಲ್ಲ.”

ನೀನು ಆ ದಂಡಿನ ಮಾತಿಗೆ ಹೋಗುವವಳೇ ಅಲ್ಲವಲ್ಲ, ನಿನಗೆ ಹೇಳಿ ಏನಾಗಬೇಕಿತ್ತು ಎಂದು ಅವನು ಮೆಲ್ಲಗೆ ಅಂದ.

“ಅವತ್ತು ತಾಲೀಮು ಐತಿ ಅಂತ ಮೈಕಿನಾಗ ಕೂಗಿರಲಿಲ್ಲ,” ಅಂದಳು ಲಾಲಬೀ. “ನನ್ನ ಗಂಡ ಸುಳ್ಳು ಒತ್ತೋನಲ್ಲ, ಖರೇನ ಬಾಂಬು ಬಿದ್ದೈತಿ ಅಂತ ಬರಿಗಾಲಿಲೆ ಓಡಿದೆ. ಒಳಗ ಜಾಗ ಇರಲಿಲ್ಲ. ಹಿಂದಿನ ಗ್ವಾಡಿಗೆ ಹತ್ತಿ ಮಲಗಿದ್ದೆ. ಗ್ವಾಡಿ ಸುಡತಿತ್ತು.”

ತುತ್ತು ಅವಳ ಕೈಯಲ್ಲೇ ಇತ್ತು. ಅವನು ಬಾಯಿ ತೆರೆಯಲಿಲ್ಲ, ಅವಳೂ ತೆರೆಯಿರಿ ಅನ್ನಲಿಲ್ಲ.